ಆಫ್ ಮಾಡಿದರೂ ಹೊಗೆ ನಿಲ್ಲಲಿಲ್ಲ

1980ರ ದಶಕದ ಆಸಿಲೋಸ್ಕೋಪ್, ಸಿಗ್ನಲ್‌ಗಳನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ. ನಮ್ಮ ಬಾಯಲ್ಲಿ ಸ್ಕೋಪ್. ವರ್ಷಗಟ್ಟಲೆ ಸ್ಟೋರಿನ ಮೂಲೆಯಲ್ಲಿ ಬಿದ್ದಿತ್ತು. "ಸುಮ್ನೆ ಆನ್ ಮಾಡಿ ನೋಡಿ, ಓಡಿದ್ರೆ ಇವತ್ತೇ ಕಳಿಸಿಬಿಡೋಣ" ಅಂದರು ಮ್ಯಾನೇಜರ್. ಅವರ ಲೆಕ್ಕದಲ್ಲಿ ಸರ್ವಿಸ್ ಅಂದರೆ ಅಷ್ಟೇ.

ಇಂಥದ್ದನ್ನು ಸುಮ್ನೆ ಆನ್ ಮಾಡುವ ಹಾಗಿಲ್ಲ. ಬಳಸದೆ ಬಿಟ್ಟ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ (ಕ್ಯಾಪ್‌ನ) ಒಳಗಿನ ಆಕ್ಸೈಡ್ ಪದರ ಸವೆದಿರುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ. ಕವರ್ ಬಿಚ್ಚಿ ಫಿಲ್ಟರ್ ಕ್ಯಾಪ್‌ಗಳನ್ನು ನೋಡಿದೆ. ಎರಡು ಒಣಗಿಹೋಗಿದ್ದವು, ಇಎಸ್‌ಆರ್ (ಒಳಗಿನ ಪ್ರತಿರೋಧ) ಮಿತಿ ಮೀರಿತ್ತು. ಬದಲಾಯಿಸಿದೆ. ಕರೆಂಟ್ ಮಿತಿಯಲ್ಲಿರಲಿ ಅಂತ ಮೊದಲು ಒಂದು ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ ಆನ್ ಮಾಡಿದೆ. ಬಲ್ಬ್ ಒಮ್ಮೆ ಬೆಳಗಿ ಮಂಕಾಯಿತು, ಅಂದರೆ ಶಾರ್ಟ್ ಇಲ್ಲ. ಸರಿ ಅಂತ ನೇರ ಮೇನ್ಸ್ ಕೊಟ್ಟೆ. ಪರದೆಯಲ್ಲಿ ಟ್ರೇಸ್ (ಗೆರೆ) ಬಂತು.

ಪ್ರೋಬ್ ಸಿಕ್ಕಿಸಿ ಕ್ಯಾಲಿಬ್ರೇಷನ್ ಶುರು ಮಾಡಿದ್ದೆ, ಒಳಗೆ ಚಟಚಟ ಸದ್ದು. ಆಮೇಲೆ ಢಬ್! ಹಿಂಬದಿಯ ಕಿಂಡಿಯಿಂದ ಕಂದು ಹೊಗೆ. ಪವರ್ ಬಟನ್ ಒತ್ತಿದೆ. ಟ್ರೇಸ್ ಹೋಯಿತು, ಹೊಗೆ ಹೋಗಲಿಲ್ಲ. ಸದ್ದೂ ನಿಲ್ಲಲಿಲ್ಲ. ಸರಿಯಾಗಿ ಒತ್ತಿದೆನೋ ಇಲ್ಲವೋ ಅಂತ ಇನ್ನೊಮ್ಮೆ ಒತ್ತಲು ಹೋದೆ. ಪಕ್ಕದ ಬೆಂಚಿನವರು "ಪ್ಲಗ್ ಕೀಳಿ, ಪ್ಲಗ್!" ಅಂತ ಕೂಗಿದರು. ಕಿತ್ತ ಮೇಲೇ ಎಲ್ಲ ತಣ್ಣಗಾಗಿದ್ದು.

ಸುಟ್ಟಿದ್ದು ಮೇನ್ಸ್ ಫಿಲ್ಟರಿನ ಎಕ್ಸ್ ಕ್ಲಾಸ್ ಕ್ಯಾಪ್, ಅಂದರೆ ನೇರ ಮೇನ್ಸ್‌ಗೆ ಹಾಕಲೆಂದೇ ಮಾಡಿದ ಸುರಕ್ಷತಾ ದರ್ಜೆಯದು. ಆ ಸ್ಕೋಪಿನಲ್ಲಿ ಅದು ಸ್ವಿಚ್ಚಿಗಿಂತ ಮೊದಲೇ, ಲೈನ್‌ಗೂ ನ್ಯೂಟ್ರಲ್‌ಗೂ ನಡುವೆ ಇತ್ತು. ಪ್ಲಗ್ ಹಾಕಿದ್ದರೆ ಸಾಕು, ಸೆಟ್ ಆಫ್ ಇದ್ದರೂ ಅದರ ಮೇಲೆ ಪೂರ್ತಿ ಮೇನ್ಸ್. ಒಳಗೆ ಲೋಹ ಲೇಪಿಸಿದ ಕಾಗದ, ಹೊರಗೆ ಹಳದಿ ಛಾಯೆಯ ಪಾರದರ್ಶಕ ಹೊದಿಕೆ. ವಯಸ್ಸಾದಂತೆ ಹೊದಿಕೆ ಬಿರುಕು ಬಿಡುತ್ತದೆ. ಗಾಳಿಯ ತೇವ ಒಳಗೆ ಇಳಿಯುತ್ತದೆ, ಕಾಗದ ಅದನ್ನು ಹೀರುತ್ತದೆ. ಆಮೇಲೆ ಹೊತ್ತಿಕೊಳ್ಳುವುದೊಂದೇ ಬಾಕಿ. ಆ ಬಿರುಕುಗಳು ನನ್ನ ಕಣ್ಣಿಗೆ ಬಿದ್ದಿದ್ದವು. ಮೀಟರಿನಲ್ಲಿ ಮೌಲ್ಯ ಸರಿಯಾಗಿ ಬಂತಲ್ಲ ಅಂತ ಮುಂದೆ ಹೋಗಿದ್ದೆ. ಮೀಟರ್ ಅಳೆಯುವುದು ತೀರಾ ಕಡಿಮೆ ವೋಲ್ಟೇಜಿನಲ್ಲಿ. ಅಷ್ಟಕ್ಕೆ ಎಂಥ ಕ್ಯಾಪ್ ಆದರೂ ಸಂಭಾವಿತನೇ!

ತಮಾಷೆ ಅಂದರೆ, ಅದನ್ನು ಕತ್ತರಿಸಿ ತೆಗೆದ ಮೇಲೂ ಸ್ಕೋಪ್ ಚೆನ್ನಾಗಿ ಓಡಿತು. ಮೇನ್ಸ್‌ನ ನಾಯ್ಸ್ ತಡೆಯುವುದಷ್ಟೇ ಅದರ ಕೆಲಸ. "ಹಾಗಾದ್ರೆ ಅದಿಲ್ಲದೇ ಕಳಿಸಿ" ಅಂದರು ಮ್ಯಾನೇಜರ್. ಆಗಲ್ಲ ಸರ್ ಅಂದೆ. ಸ್ಟೋರಿನವರು ಕೊಟ್ಟದ್ದು ಅದೇ ಮೌಲ್ಯದ ಸಾದಾ ಪಾಲಿಯೆಸ್ಟರ್ ಕ್ಯಾಪ್. ಅದೂ ವಾಪಸ್. ಆ ಜಾಗಕ್ಕೆ ಮೈಮೇಲೆ ಎಕ್ಸ್2 (ಎಕ್ಸ್ ಕ್ಲಾಸಿನ ಒಂದು ದರ್ಜೆ) ಅಂತ ಅಚ್ಚಾಗಿರುವುದೇ ಬೇಕು.

ಈಗ ಅಂಥ ಹಳದಿ ಡಬ್ಬಿ ಕಂಡರೆ ಅಳೆಯಲು ಹೋಗುವುದಿಲ್ಲ, ನೇರ ಬದಲಾಯಿಸುತ್ತೇನೆ. ಸಿಕ್ಕರೆ ತಾನೇ! ಎಕ್ಸ್2ಗೆ ಹಾಕಿದ ಇಂಡೆಂಟಿಗೆ ಇನ್ನೂ ಸಹಿ ಬಿದ್ದಿಲ್ಲ. "ಇವತ್ತೇ" ಹೋಗಬೇಕಿದ್ದ ಸ್ಕೋಪ್ ನನ್ನ ಅರ್ಧ ಬೆಂಚ್ ಹಿಡಿದುಕೊಂಡಿದೆ.