ಲ್ಯಾಬ್ ಚೀಟಿಯೂ ಕುವೆಂಪು ಹೆಸರಿನ 21 ಬೈಟ್‌ಗಳೂ

ಕಂಪ್ಯೂಟರ್ ಸೈನ್ಸ್ ಕಲಿಸುವ ನಮ್ಮ ಬಹುತೇಕ ಕಾಲೇಜುಗಳಲ್ಲಿ ವಿದ್ಯಾರ್ಥಿಗಳನ್ನು ಉದ್ಯೋಗಕ್ಕೆ ಅಣಿಗೊಳಿಸುವುದೆಂದರೆ, ಕ್ಯಾಂಪಸ್ ಸಂದರ್ಶನಗಳು ಹತ್ತಿರವಾಗುತ್ತಿದ್ದಂತೆ ಹೊರಗಿನಿಂದ ತರಬೇತುದಾರರನ್ನು ಕರೆಸಿ, ರೈಲು ಸೇತುವೆ ದಾಟುವ ಲೆಕ್ಕ, ಗುಂಪು ಚರ್ಚೆ, ಇಂಗ್ಲಿಷಿನಲ್ಲಿ ಸ್ವಪರಿಚಯ ಇವುಗಳನ್ನು ಒಂದೆರಡು ವಾರ ಅಭ್ಯಾಸ ಮಾಡಿಸುವುದು ಎಂದಾಗಿಬಿಟ್ಟಿದೆ. ಇದರಿಂದ ಮೊದಲ ಸುತ್ತು ದಾಟಲು ನೆರವಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೆಲಸಕ್ಕೆ ಸೇರಿದವರಿಗೆ ಎದುರಾಗುವುದು ಬೇರೆ ಯಾರೋ ಬರೆದಿಟ್ಟ ಸಾವಿರಾರು ಸಾಲುಗಳ ಕೋಡ್, ಅಸ್ತವ್ಯಸ್ತವಾದ ದತ್ತಾಂಶ ಮತ್ತು ನಿನ್ನೆಯವರೆಗೆ ಸರಿಯಾಗಿದ್ದು ಇಂದು ಕೆಟ್ಟು ಕೂತಿರುವ ಒಂದು ಪ್ರೋಗ್ರಾಂ. ಇವುಗಳನ್ನು ನಿಭಾಯಿಸಲು ಕಲಿಯಬೇಕಾದ ಜಾಗ ವಾರವಾರವೂ ನಡೆಯುವ ಲ್ಯಾಬ್. ಅದಕ್ಕಾಗಿ ಹೊಸ ವಿಷಯವನ್ನೇನೂ ಸೇರಿಸಬೇಕಿಲ್ಲ, ಇರುವ ಲ್ಯಾಬ್ ಅವಧಿಯನ್ನು ನಾವು ಬಳಸುವ ರೀತಿ ಬದಲಾದರೆ ಸಾಕು ಎಂಬುದು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುತ್ತ ನನ್ನಲ್ಲಿ ಗಟ್ಟಿಯಾಗುತ್ತ ಬಂದಿರುವ ಅಭಿಪ್ರಾಯ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಲ್ಯಾಬ್ ಪರೀಕ್ಷೆ ಹೇಗೆ ನಡೆಯುತ್ತದೆಂಬುದು ಅದನ್ನು ಬರೆದವರಿಗೆಲ್ಲ ಗೊತ್ತು. ಸೆಮಿಸ್ಟರಿನ ಆರಂಭದಲ್ಲೇ ಪ್ರಯೋಗಗಳ ಪಟ್ಟಿ ಕೈಗೆ ಸಿಕ್ಕಿರುತ್ತದೆ. ಪರೀಕ್ಷೆಯ ದಿನ ಅವುಗಳಲ್ಲೇ ಒಂದು ಚೀಟಿಯಲ್ಲಿ ಬರುತ್ತದೆ. ಮೊದಲು ಹಾಳೆಯ ಮೇಲೆ ಬರೆದು, ಬಳಿಕ ಟೈಪ್ ಮಾಡಿ, ಔಟ್‌ಪುಟ್ ತೋರಿಸಿ, ವೈವಾ ಮುಗಿಸಬೇಕು. ಬಂದದ್ದು ಬಾರದಿದ್ದರೆ ಒಮ್ಮೆ ಮಾತ್ರ ಪ್ರಯೋಗ ಬದಲಿಸಿಕೊಳ್ಳಬಹುದು, ಆಗ ಬರವಣಿಗೆಯ ಭಾಗದ ಅಂಕ ಸೊನ್ನೆಯಾಗುತ್ತದೆ. ಇಂಥ ಏರ್ಪಾಡಿನಲ್ಲಿ ಜಾಣ ವಿದ್ಯಾರ್ಥಿ ಲ್ಯಾಬಿನ ಕೈಪಿಡಿಯಾದ ಮ್ಯಾನ್ಯುಯಲ್‌ನ ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡದೆ ಇನ್ನೇನು ಮಾಡಿಯಾನು? ಅದನ್ನು ಸೋಮಾರಿತನವೆಂದು ಬೈಯುವುದು ನ್ಯಾಯವಲ್ಲ; ಅಂಕ ಎಲ್ಲಿದೆಯೋ ಅಲ್ಲಿಗೆ ಅವರ ಶ್ರಮ ಹೋಗುತ್ತದೆ. ಸೆಮಿಸ್ಟರಿನುದ್ದಕ್ಕೂ ರೆಕಾರ್ಡ್ ಬರೆಸಿ ಸಹಿ ಹಾಕುವುದರಲ್ಲಿ ನಮ್ಮ ಸಮಯವೂ ಅಷ್ಟೇ ಸುಖವಾಗಿ ಕಳೆದುಹೋಗುತ್ತದೆ ಎಂಬುದನ್ನು ಸಹೋದ್ಯೋಗಿಗಳು ಒಪ್ಪಿಯಾರು.

ದತ್ತಾಂಶವನ್ನು ಟೇಬಲುಗಳಲ್ಲಿ ಜೋಡಿಸಿಟ್ಟು ಬೇಕಾದ್ದನ್ನು ಹುಡುಕಲು ಕಲಿಸುವ ಡೇಟಾಬೇಸ್ ಲ್ಯಾಬನ್ನೇ ತೆಗೆದುಕೊಳ್ಳೋಣ. ವಿಟಿಯು ಪಠ್ಯಕ್ರಮದ 2018ರ ಸ್ಕೀಮ್‌ನಲ್ಲಿ ಅದಕ್ಕೆ ಐದು ಡೇಟಾಬೇಸ್‌ಗಳಿದ್ದವು: ಗ್ರಂಥಾಲಯ, ಆರ್ಡರ್, ಸಿನಿಮಾ, ಕಾಲೇಜು, ಕಂಪನಿ. 2017ರ ಜನವರಿಯಿಂದ ಜೂನ್‌ವರೆಗೆ ಮೂರಕ್ಕಿಂತ ಹೆಚ್ಚು ಪುಸ್ತಕ ಒಯ್ದವರನ್ನು ಹುಡುಕಿ, ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ ಚಿತ್ರಗಳಿಗೆಲ್ಲ ಐದು ರೇಟಿಂಗ್ ಕೊಡಿ ಎಂಬಂಥ ಪ್ರಶ್ನೆಗಳು. ಪ್ರಶ್ನೆಗಳು ಕೆಟ್ಟವೇನಲ್ಲ, ಜಾಯಿನ್, ವ್ಯೂ, ಗ್ರೂಪ್ ಬೈ ಎಂಬ ಮುಖ್ಯ ಪರಿಕಲ್ಪನೆಗಳೆಲ್ಲವನ್ನೂ ಅವು ಮುಟ್ಟುತ್ತವೆ. ತೊಂದರೆ ಇರುವುದು ದತ್ತಾಂಶದಲ್ಲಿ. ಟೇಬಲ್ ಕಟ್ಟುವವರೂ ವಿದ್ಯಾರ್ಥಿಗಳೇ, ಅದಕ್ಕೆ ನಾಲ್ಕೈದು ಸಾಲು ತುಂಬುವವರೂ ಅವರೇ ಆದ್ದರಿಂದ, ಯಾವ ಸಾಲು ಹಾಕಿದರೆ ಬೇಕಾದ ಉತ್ತರ ಬರುತ್ತದೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಡೇಟಾಬೇಸಿಗೆ ಪ್ರಶ್ನೆ ಹಾಕುವ ಆದೇಶವಾದ ಕ್ವೆರಿ ತಪ್ಪಿದ್ದರೂ ಔಟ್‌ಪುಟ್ ಸರಿ ಬರುವ ಸಾಧ್ಯತೆ ಅಲ್ಲಿ ಧಾರಾಳವಾಗಿದೆ.

2022ರ ಸ್ಕೀಮ್‌ನಲ್ಲಿ ಡೇಟಾಬೇಸ್ ವಿಷಯ ಥಿಯರಿ ಮತ್ತು ಲ್ಯಾಬ್ ಕೂಡಿದ ಒಂದೇ ಕೋರ್ಸ್ ಆಯಿತು. ಅದರ ಲ್ಯಾಬಿಗೆ ವಿಶ್ವವಿದ್ಯಾಲಯದ ಎಕ್ಸ್‌ಟರ್ನಲ್ ಪರೀಕ್ಷೆಯೇ ಇಲ್ಲ. ಕಾಲೇಜೇ ಕೊಡುವ ಇಂಟರ್ನಲ್‌ನ 50 ಅಂಕಗಳಲ್ಲಿ 25 ಲ್ಯಾಬಿನದು, ಆ ಪೈಕಿ 15 ಅಂಕ ಪ್ರಯೋಗ ನಡೆಸಿದ್ದಕ್ಕೂ ರೆಕಾರ್ಡಿಗೂ, 10 ಅಂಕ ಕೊನೆಯ ಟೆಸ್ಟಿಗೆ. ಅಂದರೆ ಅಂಕ ಕೊಡುವ ಅಧಿಕಾರ ಪೂರ್ತಿಯಾಗಿ ಪಾಠ ಮಾಡುವವರ ಕೈಗೆ ಬಂದಿದೆ. ಇಷ್ಟಾದರೂ ಆ ಟೆಸ್ಟನ್ನು ಹಳೆಯ ಎಕ್ಸ್‌ಟರ್ನಲ್‌ನ ಪಡಿಯಚ್ಚಿನಂತೆ ಚೀಟಿ ಎತ್ತಿಸಿಯೇ ನಡೆಸುವುದು ರೂಢಿ. ಸಿಕ್ಕ ಸ್ವಾತಂತ್ರ್ಯವನ್ನು ಬಳಸದೆ, ಸಿಲಬಸ್ ಹಳತಾಗಿದೆ ಎಂದು ವಿಶ್ವವಿದ್ಯಾಲಯವನ್ನು ದೂರುವ ಮಾತು ನನಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ.

ನಾನು ಮಾಡುವ ಬದಲಾವಣೆ ಚಿಕ್ಕದು. ಗ್ರಂಥಾಲಯದ ಅದೇ ಪ್ರಯೋಗವನ್ನು ಇಟ್ಟುಕೊಂಡು, ಸಾಲುಗಳನ್ನು ತಾವೇ ತುಂಬುವ ಬದಲು ಪುಸ್ತಕಗಳ ನಿಜವಾದ ರಿಜಿಸ್ಟರಿನ ಎಕ್ಸೆಲ್ ಕಡತವನ್ನು ವಿದ್ಯಾರ್ಥಿಗಳಿಗೆ ಕೊಡುತ್ತೇನೆ. ಪುಸ್ತಕ ಒಯ್ದವರ ಗುರುತು ಸಿಗದಂತೆ ಹೆಸರು ಮತ್ತು ಫೋನ್ ನಂಬರುಗಳನ್ನು ಮೊದಲೇ ಬದಲಿಸಿರುತ್ತೇನೆ, ಆದರೆ ಉಳಿದ ಕೊಳೆಯನ್ನು ತೊಳೆಯುವುದಿಲ್ಲ. ಒಂದು ಕಡೆ ಇನಿಷಿಯಲ್ ಹೆಸರಿನ ಹಿಂದಿದ್ದರೆ ಇನ್ನೊಂದು ಕಡೆ ಮುಂದಿರುತ್ತದೆ. ಮಂಜುನಾಥ ಮತ್ತು ಮಂಜುನಾಥ್ ಒಬ್ಬರೋ ಇಬ್ಬರೋ ತಿಳಿಯುವುದಿಲ್ಲ. ಪುಸ್ತಕಗಳ ಗುರುತಿನ ಐಎಸ್‌ಬಿಎನ್ ಸಂಖ್ಯೆಗಳನ್ನು ಎಕ್ಸೆಲ್ 9.78ಇ+12 ಎಂದು ಮಾಡಿಟ್ಟಿರುತ್ತದೆ. ಕೆಲವು ದಿನಾಂಕಗಳಲ್ಲಿ ತಿಂಗಳು ಮೊದಲು, ಕೆಲವುದರಲ್ಲಿ ದಿನ ಮೊದಲು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕನ್ನಡ ಶೀರ್ಷಿಕೆಗಳಂತೂ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಅವನ್ನು ಎಲ್ಲ ಯಂತ್ರಗಳಲ್ಲೂ ಒಂದೇ ರೀತಿ ಓದಲಾಗುವ ಯೂನಿಕೋಡ್‌ಗೆ ತರದೆ ಮುಂದಿನ ಹೆಜ್ಜೆ ಇಡಲಾಗುವುದಿಲ್ಲ. ನಮ್ಮ ರಾಜ್ಯದಲ್ಲಿ ಯಾವುದೇ ಇಲಾಖೆಯ ಹಳೆಯ ಕಡತಗಳನ್ನು ಮುಟ್ಟುವ ಕಂಪನಿಗೆ ಸೇರಿದರೂ ಇವೇ ಕೆಲಸಗಳು ಎದುರಾಗುತ್ತವೆ.

ಇಷ್ಟನ್ನೂ ದಾಟಿ ಬಂದವರಿಗೆ ಕಾದಿರುವ ಪಾಠ ನನಗೆ ಅತ್ಯಂತ ಪ್ರಿಯವಾದದ್ದು. ಮ್ಯಾನ್ಯುಯಲ್ ನೋಡಿ ಲೇಖಕರ ಹೆಸರಿನ ಕಾಲಂ ಅನ್ನು ವಾರ್‌ಚಾರ್2(20), ಅಂದರೆ 20ಕ್ಕಿಂತ ಉದ್ದವಿರದ ಪಠ್ಯ, ಎಂದು ಬರೆದಿರುತ್ತಾರೆ. ಅದಕ್ಕೆ ಕನ್ನಡದಲ್ಲಿ ‘ಕುವೆಂಪು’ ಎಂದು ಸೇರಿಸಹೋದರೆ ಒರಾಕಲ್ ಎಂಬ ಡೇಟಾಬೇಸ್ ತಂತ್ರಾಂಶ ಒಪ್ಪದೆ, ಓಆರ್‌ಎ-12899 ಎಂಬ ದೋಷವನ್ನು ತೋರಿಸಿ, ಇರುವುದು 21, ಗರಿಷ್ಠ 20 ಎನ್ನುತ್ತದೆ. “ಸರ್, ಇರೋದೇ ಮೂರಕ್ಷರ, ಇಪ್ಪತ್ತೊಂದು ಎಲ್ಲಿಂದ ಬಂತು?” ಎಂದು ಕೇಳದ ಬ್ಯಾಚ್ ಇಲ್ಲ. ನಾನು ಉತ್ತರ ಹೇಳುವುದಿಲ್ಲ, ಹೆಸರನ್ನು ಬಿಡಿಸಿ ಎಣಿಸಲು ಹೇಳುತ್ತೇನೆ. ಕ, ಉಕಾರ, ವ, ಎಕಾರ, ಅನುಸ್ವಾರ, ಪ, ಮತ್ತೆ ಉಕಾರ: ಒಟ್ಟು ಏಳು ಸಂಕೇತಗಳು. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಹಾಗಾಗಿ ಇಪ್ಪತ್ತೊಂದು. ಒರಾಕಲ್ ಬೇರೆ ಹೇಳದ ಹೊರತು ಕಾಲಂನ ಉದ್ದವನ್ನು ಬೈಟ್‌ಗಳಲ್ಲೇ ಅಳೆಯುತ್ತದೆ. ಅದೇ ಟೇಬಲನ್ನು ಇನ್ನೊಂದು ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನಲ್ಲಿ ವಾರ್‌ಚಾರ್(20) ಎಂದು ಕಟ್ಟಿದರೆ ಹೆಸರು ತಕರಾರಿಲ್ಲದೆ ಹಿಡಿಸುತ್ತದೆ, ಏಕೆಂದರೆ ಅದು ಎಣಿಸುವುದು ಸಂಕೇತಗಳನ್ನು. ದತ್ತಾಂಶದ ಪ್ರಕಾರ, ಎನ್‌ಕೋಡಿಂಗ್, ಎರಡು ಡೇಟಾಬೇಸ್‌ಗಳ ನಡುವಿನ ವ್ಯತ್ಯಾಸ ಈ ಮೂರನ್ನೂ ಬೋರ್ಡಿನ ಮೇಲೆ ಬರೆದು ವಿವರಿಸಿದ್ದರೆ ನೋಟ್ಸ್ ಪುಸ್ತಕದಲ್ಲೇ ಉಳಿಯುತ್ತಿದ್ದವು. ಹೀಗೆ ತಾವೇ ಎಡವಿ ತಿಳಿದವರು ಸಂದರ್ಶನದಲ್ಲಿ ಅದನ್ನು ಹೇಳಿ ಬಂದದ್ದೂ ಉಂಟು.

ಮೊದಲ ವರ್ಷದ ಸಿ ಪ್ರೋಗ್ರಾಮಿಂಗ್‌ನಲ್ಲಿ ದಾರಿ ಬೇರೆ. ನ್ಯೂಜಿಲೆಂಡಿನ ಡೇಲ್ ಪಾರ್ಸನ್ಸ್ ಮತ್ತು ಪೆಟ್ರಿಶಿಯಾ ಹೇಡನ್ 2006ರಲ್ಲಿ ಪ್ರಕಟಿಸಿದ ಒಂದು ಅಭ್ಯಾಸಕ್ರಮವಿದೆ: ಸರಿಯಾದ ಪ್ರೋಗ್ರಾಮಿನ ಸಾಲುಗಳನ್ನು ಕಲಸಿ ಕೊಟ್ಟು, ಜೋಡಿಸಲು ಹೇಳುವುದು. ಇದನ್ನು ಕಾಗದದ ಪಟ್ಟಿಗಳಲ್ಲೇ ಮಾಡಿಸಬಹುದು, ಕಂಪ್ಯೂಟರ್ ಕೂಡ ಬೇಕಿಲ್ಲ. ಕನ್ನಡ ಮಾಧ್ಯಮದಿಂದ ಬಂದು ಕೀಲಿಮಣೆಗೂ ಇಂಗ್ಲಿಷಿಗೂ ಒಟ್ಟಿಗೇ ಹೆದರುವ ಮಕ್ಕಳು ಇಲ್ಲಿ ತರ್ಕವೊಂದನ್ನೇ ಗಮನಿಸಬಹುದು ಎಂಬುದೇ ಅದರ ದೊಡ್ಡ ಲಾಭ. ಮುಂದಿನ ಹಂತದಲ್ಲಿ ಬೇಕೆಂದೇ ಕೆಡಿಸಿದ ಪ್ರೋಗ್ರಾಂ ಕೊಟ್ಟು, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ತೋರಿಸುವ ದೋಷದ ಅರ್ಥವನ್ನು ಕನ್ನಡದಲ್ಲಿ ಬರೆಯಲು ಹೇಳುತ್ತೇನೆ. ಇನ್ನೂ ಟರ್ಬೊ ಸಿ ಎಂಬ ಹಳೆಯ ಕಂಪೈಲರನ್ನು ಉಳಿಸಿಕೊಂಡಿರುವ ಲ್ಯಾಬುಗಳ ಬಗ್ಗೆ ನನಗೆ ಪ್ರೀತಿಯೇನಿಲ್ಲ, ಆದರೆ ಅದರಿಂದಲೂ ಒಂದು ಉಪಯೋಗ ಪಡೆಯಬಹುದು. 16 ಬಿಟ್‌ನ ಅದರ ಪೂರ್ಣಾಂಕ 32767ಕ್ಕೆ ಮುಗಿಯುವುದರಿಂದ, 8ರ ಫ್ಯಾಕ್ಟೋರಿಯಲ್ (1ರಿಂದ 8ರವರೆಗಿನ ಸಂಖ್ಯೆಗಳ ಗುಣಲಬ್ಧ) ಅಲ್ಲಿ 40320 ಆಗುವ ಬದಲು ಮೈನಸ್ 25216 ಆಗುತ್ತದೆ. ಈಗಿನ ಕಂಪೈಲರ್ ಆದ ಜಿಸಿಸಿಯಲ್ಲಿ ಸರಿ ಬಂದದ್ದು ಇಲ್ಲೇಕೆ ತಪ್ಪಿತು ಎಂದು ಹುಡುಕಲು ಬಿಟ್ಟರೆ ಒಂದು ಲ್ಯಾಬ್ ಅವಧಿ ಸಾರ್ಥಕ.

ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಎಂಬ ತಂತ್ರಾಂಶವನ್ನು ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಎತ್ತಿಡುವುದರಲ್ಲಿ ಅರ್ಥವಿಲ್ಲ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಅದನ್ನು ಬರೆದದ್ದು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗಾಗಿ ನಿಜ, ಆದರೆ ಐವತ್ತು ಸಾಲಿನ ಲ್ಯಾಬ್ ಪ್ರೋಗ್ರಾಮಿಗೂ ಅದು ಅಷ್ಟೇ ಒದಗುತ್ತದೆ. ಇಂಟರ್ನೆಟ್ ಕೈಕೊಡುವ ಲ್ಯಾಬಿನಲ್ಲಿ, ಕೋಡನ್ನು ಆನ್‌ಲೈನ್‌ನಲ್ಲಿ ಇಡುವ ಗಿಟ್‌ಹಬ್ ಬೇಕೆಂದೇನೂ ಇಲ್ಲ, ಲ್ಯಾಬಿನ ಸರ್ವರ್ ಅಥವಾ ಒಂದು ಪೆನ್‌ಡ್ರೈವ್ ಇದ್ದರೂ ನಡೆಯುತ್ತದೆ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರ ಬದಲಾವಣೆಯನ್ನು ಇನ್ನೊಬ್ಬರು ಓದಿ ಒಂದಾದರೂ ಪ್ರಶ್ನೆ ಬರೆಯದೆ ಕೆಲಸ ಸೇರಿಸುವಂತಿಲ್ಲ ಎಂಬ ನಿಯಮವಿಟ್ಟರೆ, ಇತರರ ಕೋಡ್ ಓದುವ ರೂಢಿ ತಾನಾಗಿ ಬೀಳುತ್ತದೆ. ಮೊದಮೊದಲು ‘ಚೆನ್ನಾಗಿದೆ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವವರೇ ಹೆಚ್ಚು.

ರಾಜ್ಯದ ಪಾಲಿಟೆಕ್ನಿಕ್‌ಗಳು ಸಿ-20 ಪಠ್ಯಕ್ರಮದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆಯನ್ನೇ ಇಟ್ಟವು. ಐದನೆಯ ಸೆಮಿಸ್ಟರಿನಲ್ಲಿ ಫುಲ್ ಸ್ಟಾಕ್, ಕ್ಲೌಡ್, ಸೈಬರ್ ಸೆಕ್ಯೂರಿಟಿ, ಕೃತಕ ಬುದ್ಧಿಮತ್ತೆ ಇವುಗಳ ಪೈಕಿ ಒಂದನ್ನು ಆರಿಸಿಕೊಂಡು ಕಲಿಯುವುದು, ಆರನೆಯದರಲ್ಲಿ ಇಂಟರ್ನ್‌ಶಿಪ್ ಅಥವಾ ಪ್ರಾಜೆಕ್ಟ್. ಚಿಂತನೆ ಸರಿಯಾಗಿದೆ. ಆದರೆ ಇಂಟರ್ನ್‌ಶಿಪ್ ಎಂಬುದು ಊರಿಂದ ಊರಿಗೆ ಬೇರೆಯೇ ವಸ್ತು. ಬೆಂಗಳೂರಿನ ಹುಡುಗನಿಗೆ ಮೆಟ್ರೊದಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಕಂಪನಿಗಳಿದ್ದರೆ, ಯಾದಗಿರಿಯ ಹುಡುಗಿಗೆ ದುಡ್ಡು ಕಟ್ಟಿಸಿಕೊಂಡು ವಿಡಿಯೊ ತೋರಿಸಿ ಸರ್ಟಿಫಿಕೇಟ್ ಕೊಡುವವರೇ ಸಿಗಬಹುದು. ಅಂಥ ಕಡೆ ತಾಲ್ಲೂಕಿನ ಸಹಕಾರ ಸಂಘ, ಗ್ರಂಥಾಲಯ, ಆಸ್ಪತ್ರೆ ಇವುಗಳ ನಿಜವಾದ ಅಗತ್ಯವೊಂದನ್ನು ಹಿಡಿದು ಕಾಲೇಜಿನಲ್ಲೇ ಮಾಡುವ ಪ್ರಾಜೆಕ್ಟ್, ಆ ಸರ್ಟಿಫಿಕೇಟಿಗಿಂತ ಎಷ್ಟೋ ಮೇಲು.

ಚಾಟ್‌ಜಿಪಿಟಿ ಬಂದ ಮೇಲೆ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಮ್ಯಾನ್ಯುಯಲ್‌ನ ಪ್ರೋಗ್ರಾಮನ್ನು ಅದು ಕ್ಷಣದಲ್ಲಿ ಬರೆದುಕೊಡುವುದರಿಂದ ಚೀಟಿಯ ಪರೀಕ್ಷೆ ಇನ್ನಷ್ಟು ನಿರರ್ಥಕವಾಗಿದೆ ಎಂದಷ್ಟೇ ನಾನು ಹೇಳಬಲ್ಲೆ. ಬಳಸಬೇಡಿ ಎಂದು ನಾನು ತಡೆಯುವುದಿಲ್ಲ. ಕೊನೆಯ ಟೆಸ್ಟಿನಲ್ಲಿ ಅವರದೇ ಕೋಡ್ ಎದುರಿಗಿಟ್ಟು, ಪುಸ್ತಕ ತಡವಾಗಿ ಮರಳಿಸಿದವರಿಗೆ ಭಾನುವಾರಗಳನ್ನು ಬಿಟ್ಟು ದಂಡ ಲೆಕ್ಕ ಹಾಕುವಂತೆ ಬದಲಿಸಿ ಎನ್ನುತ್ತೇನೆ.

ಇದಕ್ಕೆ ಎದುರಾಗುವ ಗಟ್ಟಿಯಾದ ಆಕ್ಷೇಪ ಸಮಯದ್ದು. ಒಂದು ಸೆಕ್ಷನ್‌ನಲ್ಲಿ 60 ಮಂದಿ ಇರುವಾಗ ಎಲ್ಲರ ಗಿಟ್ ಇತಿಹಾಸ ಓದಲು ಯಾರಿಂದಲೂ ಸಾಧ್ಯವಿಲ್ಲ. ನಾನು ಪ್ರತಿ ಜೋಡಿಯಿಂದ ಯಾವುದೋ ಒಂದು ಬದಲಾವಣೆಯನ್ನು ಮಾತ್ರ ಆರಿಸಿ, ಲ್ಯಾಬಿನಲ್ಲೇ ಅವರ ಪಕ್ಕ ಕುಳಿತು, ಬರೆದವರನ್ನು ಬಿಟ್ಟು ಓದಿದವರನ್ನು ಅದರ ಬಗ್ಗೆ ಕೇಳುತ್ತೇನೆ. ರೆಕಾರ್ಡ್ ಪುಸ್ತಕ ತಿದ್ದುವುದಕ್ಕೆ ತಗಲುತ್ತಿದ್ದ ಹೊತ್ತು ಅದಕ್ಕೆ ಸಾಕಾಗುತ್ತದೆ. ರೆಕಾರ್ಡ್ ಬೇಕೇ ಬೇಕೆಂದು ಕೇಳುವ ತನಿಖಾ ಸಮಿತಿಗಳಿಗೆ, ಆ ಇತಿಹಾಸವನ್ನೇ ಪ್ರಿಂಟ್ ತೆಗೆದು ಸಹಿ ಹಾಕಿ ಫೈಲಿಗೆ ಸೇರಿಸಿಡುತ್ತೇನೆ.