ದಿಯೆನ್ ಬಿಯೆನ್ ಫೂ ನೋಡಲೇಬೇಕು, ಆದರೆ ರಾತ್ರಿ ಬಸ್ ಹತ್ತಬೇಡಿ

ವಿಯೆಟ್ನಾಂಗೆ ಹೋದ ನಮ್ಮವರು ಹಾ ಲಾಂಗ್ ಕೊಲ್ಲಿ ನೋಡಿ, ಮೊಟ್ಟೆ ಕಾಫಿಯ ಫೋಟೋ ತೆಗೆದು ವಾಪಸ್ ಬರುತ್ತಾರೆ. ಅದಕ್ಕೆ ಸಲಹೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು, ಆ ದೇಶ ಫ್ರೆಂಚರ ಕೈಯಿಂದ ಹೇಗೆ ಬಿಡಿಸಿಕೊಂಡಿತು ಅನ್ನುವ ಕುತೂಹಲ ಇರುವವರಿಗೆ. ನೀವು ಅಂಥವರಾದರೆ ರಾಜಧಾನಿ ಹನೋಯ್‌ನಲ್ಲೇ ನಿಂತುಬಿಡಬೇಡಿ, ಫ್ರೆಂಚರು ಸೋತ ದಿಯೆನ್ ಬಿಯೆನ್ ಫೂವರೆಗೂ ಹೋಗಿ.

ಹನೋಯ್‌ಗೆ ಒಂದು ದಿನ ಸಾಕು. ಬಾ ದಿನ್ ಚೌಕದಲ್ಲಿ 1945ರ ಸೆಪ್ಟೆಂಬರ್ 2ರಂದು ಹೋ ಚಿ ಮಿನ್ ಸ್ವಾತಂತ್ರ್ಯ ಘೋಷಿಸಿದರು. ಈಗ ಅಲ್ಲಿ ಅವರ ದೇಹ ಇಟ್ಟಿರುವ ಭವನ ಇದೆ, ಬೆಳಗ್ಗೆ ಮಾತ್ರ ತೆರೆದಿರುತ್ತದೆ, ಕ್ಯೂ ಹನುಮಂತನ ಬಾಲ. ನನಗೆ ಕ್ಯೂ ಆಗಿಬರುವುದಿಲ್ಲ, ಹೊರಗಿಂದಲೇ ನೋಡಿ ಬಂದೆ. ಅದರ ಬದಲು ಹಳೇ ಪೇಟೆಯ ಹಾಂಗ್ ಙಾಂಗ್ ಬೀದಿಯ 48ನೇ ನಂಬರಿನ ಮನೆಗೆ ಹೋಗಿ. ಬಟ್ಟೆ ವ್ಯಾಪಾರಿಯೊಬ್ಬರ ಮನೆ ಅದು. ಘೋಷಣೆ ಬರೆದದ್ದು ಅದರ ಮಹಡಿಯಲ್ಲಿ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಸಾಲಿನಿಂದಲೇ ಶುರು ಮಾಡಿದ್ದಾರೆ, ಎಂಥ ಜಾಣತನ ನೋಡಿ. ಅದೇ ವರ್ಷದ ಬರಗಾಲದಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಸತ್ತರು ಅನ್ನುವ ಮಾತೂ ಅದರಲ್ಲಿದೆ. ನಾನು ಹೋದಾಗ ಆ ಮನೆಯಲ್ಲಿ ಜನವೇ ಇರಲಿಲ್ಲ. ಹೋವಾ ಲೋ ಜೈಲಿನಲ್ಲಿ ಫ್ರೆಂಚರು ಬಳಸುತ್ತಿದ್ದ ತಲೆ ಕಡಿಯುವ ಯಂತ್ರ ಇಟ್ಟಿದ್ದಾರೆ. ನೋಡುವುದಾದರೆ ವಾರದ ದಿನ ಹೋಗಿ, ಶನಿವಾರ ಭಾನುವಾರ ಕಾಲಿಡಲು ಜಾಗ ಇರುವುದಿಲ್ಲ.

ಘೋಷಣೆ ಮಾಡಿದ ಮಾತ್ರಕ್ಕೆ ಫ್ರೆಂಚರು ಹೋಗಲಿಲ್ಲ, ಎರಡನೇ ಮಹಾಯುದ್ಧ ಮುಗಿದ ಮೇಲೆ ಮತ್ತೆ ಬಂದು ಕೂತರು. ಅವರು ಸೋತು ಕೈಯೆತ್ತಿದ್ದು 1954ರ ಮೇ 7ರಂದು, ಲಾವೋಸ್ ಗಡಿ ಹತ್ತಿರದ ದಿಯೆನ್ ಬಿಯೆನ್ ಫೂನಲ್ಲಿ. ಹನೋಯ್‌ನಿಂದ ಸುಮಾರು 450 ಕಿ.ಮೀ. ಇಲ್ಲಿಂದ ಶುರುವಾಯಿತು ನನ್ನ ಗೋಳು.

ಹಳೇ ಪೇಟೆಯ ಏಜೆಂಟ್ ಒಬ್ಬ 'ವಿಐಪಿ ಸ್ಲೀಪರ್, ಕೆಳಗಿನ ಸೀಟು' ಅಂತ ಟಿಕೆಟ್ ಕೊಟ್ಟ. ಮೀ ದಿನ್ ಬಸ್ ನಿಲ್ದಾಣದಲ್ಲಿ ನೋಡಿದರೆ ಅದೇ ಬಸ್ಸಿನ ಟಿಕೆಟ್ ಕೌಂಟರ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಬೆಲೆಗೆ ಸಿಗುತ್ತಿತ್ತು. ಅದಾದರೂ ಹೋಗಲಿ. ಒಳಗೆ ಮೂರು ಸಾಲು ಬರ್ತ್, ಎರಡು ಅಂತಸ್ತು. ಚಪ್ಪಲಿ ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಕು. ಕಾಲನ್ನು ಮುಂದಿನವನ ತಲೆಯ ಕೆಳಗಿರುವ ಡಬ್ಬದೊಳಗೆ ತೂರಿಸಬೇಕು. ಐದೂವರೆ ಅಡಿ ದಾಟಿದವರು ಮಂಡಿ ಮಡಚಿಕೊಂಡೇ ಮಲಗಬೇಕು. ನನಗೆ ಸಿಕ್ಕಿದ್ದು ಕೆಳಗಿನ ಸೀಟಲ್ಲ, ಹಿಂದುಗಡೆ ಮೇಲೆ, ಇಂಜಿನ್ ಬಿಸಿ ನೇರ ಬೆನ್ನಿಗೆ. ಕೇಳಿದರೆ ಕಂಡಕ್ಟರ್ ನಕ್ಕು ಕಂಬಳಿ ಕೊಟ್ಟ. ಊರು ದಾಟಿದ ಮೇಲೆ ದಾರಿಯಲ್ಲಿ ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಂಡು ನಡುದಾರಿಯಲ್ಲಿ ಚಾಪೆ ಹಾಸಿ ಮಲಗಿಸಿದರು. ಅಕ್ಕಿ ಮೂಟೆಯೂ ಬಂತು, ಒಂದು ಮೋಟರ್‌ಬೈಕೂ ಬಂತು. ರಾತ್ರಿ ಮೂತ್ರಕ್ಕೆ ಇಳಿಯಬೇಕೆಂದರೆ ಮಲಗಿದವರ ಮೇಲೆ ದಾಟಬೇಕು. ಊಟಕ್ಕೆ ನಿಲ್ಲಿಸಿದ ಕಡೆ ತರಕಾರಿ ಅಂದರೆ ಹಂದಿ ಮಾಂಸದ ಜೊತೆ ಹುರಿದ ಸೊಪ್ಪು.

ಆದರೆ ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಇದಕ್ಕಲ್ಲ. ಆ ರಸ್ತೆಯೇ ಕಥೆ. ಅದನ್ನು ಪೂರ್ತಿ ಕತ್ತಲಲ್ಲಿ ದಾಟಿಬಿಟ್ಟೆ!

ಯಾಕೆ ಅಂದರೆ, 1953ರ ನವೆಂಬರ್ 20ರಂದು ಫ್ರೆಂಚರು ಪ್ಯಾರಾಚೂಟಿನಲ್ಲಿ ದಿಯೆನ್ ಬಿಯೆನ್ ಫೂ ಕಣಿವೆಗೆ ಇಳಿದರು. ಅನ್ನ, ಗುಂಡು ಎಲ್ಲ ವಿಮಾನದಲ್ಲೇ ಬರುವ ಏರ್ಪಾಡು. ಸುತ್ತ ಬೆಟ್ಟ, ಅದರ ಮೇಲೆ ಫಿರಂಗಿ ಹತ್ತಿಸುವುದು ಯಾರಿಂದಲೂ ಆಗಲ್ಲ ಅಂತ ಲೆಕ್ಕ. ಆದರೆ ವಿಯೆಟ್ ಮಿನ್‌ನವರು, ಅಂದರೆ ಹೋ ಚಿ ಮಿನ್ ಅವರ ಹೋರಾಟದ ಪಡೆ, 105 ಮಿ.ಮೀ. ಫಿರಂಗಿಗಳನ್ನು ಹಗ್ಗ ಕಟ್ಟಿ ಕೈಯಲ್ಲೇ ಎಳೆದರು. ಎರಡೂವರೆ ಲಕ್ಷಕ್ಕೂ ಹೆಚ್ಚು ಹಳ್ಳಿಯ ಜನ ಸಾಮಾನು ಹೊತ್ತರು, ಸೈಕಲ್‌ಗಳೇ ಸುಮಾರು 20 ಸಾವಿರ. ಒಂದೊಂದು ಸೈಕಲ್ ಮೇಲೆ 200 ಕಿಲೋಗೂ ಜಾಸ್ತಿ ಹೇರಿ, ಹ್ಯಾಂಡಲ್‌ಗೆ ಬಿದಿರು ಕಟ್ಟಿ ತಳ್ಳಿಕೊಂಡು ಬಂದರು. ಅವರ ಮುಖ್ಯ ದಾರಿ ಇದೇ ಫಾ ದಿನ್ ಘಾಟಿ, 32 ಕಿ.ಮೀ. ಇದನ್ನು ಹಗಲಲ್ಲಿ ನೋಡದೆ ಮ್ಯೂಸಿಯಂನಲ್ಲಿ ಸೈಕಲ್ ನೋಡಿದರೆ ಏನೂ ಅನ್ನಿಸುವುದಿಲ್ಲ. ವಾಪಸ್ ಬರುವಾಗ ಹಗಲು ಬಸ್ ಹಿಡಿದೆ, ಆಮೇಲೆ ಗೊತ್ತಾಯಿತು ಆ ಏರು ಎಂಥದ್ದು ಅಂತ.

ಊರಿನಲ್ಲಿ ಎಲ್ಲ ನಡೆದೇ ನೋಡಬಹುದು. ಮೊದಲು ಫ್ರೆಂಚರ ಕೈಯಲ್ಲಿದ್ದ ಎ1 ಗುಡ್ಡ. ವಿಯೆಟ್ ಮಿನ್‌ನವರು ಕೆಳಗಿನಿಂದ ಸುರಂಗ ಕೊರೆದು, ಹತ್ತಿರ ಹತ್ತಿರ ಒಂದು ಟನ್ ಸ್ಫೋಟಕ ಇಟ್ಟು ಮೇ 6ರ ರಾತ್ರಿ ಸಿಡಿಸಿದರು. ಆ ಹೊಂಡ ಹಾಗೇ ಇದೆ. ಗುಡ್ಡದ ಕೆಳಗೆ ವಿಯೆಟ್ ಮಿನ್ ಸೈನಿಕರ ಸಮಾಧಿಗಳು, ಬಹುಪಾಲು ಕಲ್ಲುಗಳ ಮೇಲೆ ಹೆಸರೇ ಇಲ್ಲ. ಮೂಂಗ್ ಥಾನ್ ಸೇತುವೆ ದಾಟಿದರೆ ಫ್ರೆಂಚ್ ಸೇನಾಧಿಕಾರಿ ದ ಕಾಸ್ತ್ರಿ ಸಿಕ್ಕಿಬಿದ್ದ ನೆಲಮಾಳಿಗೆ. ಒಂದು ವಿಷಯ ನೆನಪಿಡಿ, ಅಲ್ಲಿ ಫ್ರೆಂಚರ ಪರ ಹೋರಾಡಿದವರಲ್ಲಿ ಅಲ್ಜೀರಿಯ, ಮೊರಾಕ್ಕೊದವರೂ ಇದ್ದರು, ವಿಯೆಟ್ನಾಮಿಗಳೂ ಇದ್ದರು. ಆರೇ ತಿಂಗಳಲ್ಲಿ ಅಲ್ಜೀರಿಯದಲ್ಲೂ ಯುದ್ಧ ಶುರುವಾಯಿತು. ಮ್ಯೂಸಿಯಂ ಊಟದ ಹೊತ್ತಿಗೆ ಮುಚ್ಚುತ್ತದೆ, ಬೆಳಗ್ಗೆ ಬೇಗ ಹೋಗಿ. ಸುತ್ತ ಗೋಡೆಯಿಡೀ ಬರೆದ ಯುದ್ಧದ ಚಿತ್ರ ಇದೆ, ಅದನ್ನು ಬಿಡಬೇಡಿ.

ವಿಯೆಟ್ ಮಿನ್ ಸೇನೆಯ ಮುಖ್ಯಸ್ಥ ಜನರಲ್ ಜಾಪ್ ಅವರ ಠಾಣೆ ಇದ್ದದ್ದು ಮೂಂಗ್ ಫಾಂಗ್ ಕಾಡಿನಲ್ಲಿ. ಅಲ್ಲಿಗೆ ಬಾಡಿಗೆ ಬೈಕ್ ಅಥವಾ ಟ್ಯಾಕ್ಸಿ ಬೇಕು. ಜನವರಿ 26ಕ್ಕೆ ದಾಳಿ ಅಂತ ನಿಶ್ಚಯ ಆಗಿದ್ದನ್ನು ಅವರು ಕೊನೆ ಗಳಿಗೆಯಲ್ಲಿ ನಿಲ್ಲಿಸಿ, ಎಳೆದು ತಂದ ಫಿರಂಗಿಗಳನ್ನು ವಾಪಸ್ ಎಳೆಸಿದರು. ದಾಳಿ ನಡೆದದ್ದು ಮಾರ್ಚ್ 13ಕ್ಕೆ. ಹುಲ್ಲಿನ ಸೂರಿನ ಗುಡಿಸಲು, ಬಿದಿರಿನ ಮೇಜು, ಅಷ್ಟೇ. ನನಗೆ ಇಡೀ ಪ್ರವಾಸದಲ್ಲಿ ಹಿಡಿಸಿದ ಜಾಗ ಇದು.

ಊಟದ ವಿಷಯಕ್ಕೆ ಬರೋಣ. ಮಾರ್ಕೆಟ್ ಹತ್ತಿರ ಥಾಯ್ ಬುಡಕಟ್ಟಿನ ಅಜ್ಜಿಯೊಬ್ಬರು ಬೆಳಗ್ಗೆ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ನೇರಳೆ, ಹಳದಿ ಬಣ್ಣದ ಅಂಟು ಅಕ್ಕಿಯ ಅನ್ನ, ಬಾಳೆ ಎಲೆಯಲ್ಲಿ ಕಟ್ಟಿ ಕೊಡುತ್ತಾರೆ. ಮೇಲೆ ಎಳ್ಳು ಕಡಲೆಕಾಯಿ ಉಪ್ಪಿನ ಪುಡಿ. ಜೊತೆಗೆ 'ಚಮ್ ಚೆಯೊ' ಅನ್ನುವ ಒಣ ಚಟ್ನಿ: ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಮತ್ತೆ ನಾಲಿಗೆ ಜುಮ್ಮೆನ್ನಿಸುವ ಒಂದು ಕಾಯಿ. ಬಾಯಿಗಿಟ್ಟ ತಕ್ಷಣ ನನಗೆ ಕುಮಟಾ ಕಡೆಯ ಅಡುಗೆ ನೆನಪಾಯಿತು. ನಮ್ಮ ಜುಮ್ಮನಕಾಯಿಯೇ ಅದು, ಕೊಂಕಣಿಯವರು ತೆಪ್ಪಲ್ ಅನ್ನುತ್ತಾರಲ್ಲ, ಅದೇ ಗಿಡ! ನಮ್ಮ ದುಡ್ಡಿನಲ್ಲಿ ಐವತ್ತು ಅರವತ್ತು ರೂಪಾಯಿಗೆ ಹೊಟ್ಟೆ ತುಂಬುತ್ತದೆ. ನಾನು ಇದ್ದಷ್ಟು ದಿನವೂ ಅಜ್ಜಿಯ ಹತ್ತಿರವೇ ತಿಂದೆ, ಒಮ್ಮೊಮ್ಮೆ ಎರಡು ಸಲ. ಸಸ್ಯಾಹಾರಿಗಳು ಬೇರೆ ಕಡೆ 'ಆನ್ ಚಾಯ್' ಅಂತ ಹೇಳಿ, ಮೀನಿನ ಸಾಸ್ ಬೇಡ ಅಂತ ಬೇರೆಯಾಗಿ ತಿಳಿಸಿ.

ರೂಮು ಪರವಾಗಿಲ್ಲ, ಆದರೆ ಕಿಟಕಿ ಇದೆಯಾ ಅಂತ ಕೇಳಿಯೇ ದುಡ್ಡು ಕೊಡಿ. ಮೇ 7ರ ಆಸುಪಾಸು ಹೋಗಲೇಬೇಡಿ. ದೇಶದ ಅಧಿಕಾರಿಗಳು, ಹಳೇ ಸೈನಿಕರು, ಶಾಲೆ ಮಕ್ಕಳು ಎಲ್ಲ ಅಲ್ಲೇ ಇರುತ್ತಾರೆ, ಬೆಲೆ ಏರಿರುತ್ತದೆ.

ಇಲ್ಲಿಗೆ ವಿಯೆಟ್ನಾಂ ಕಥೆ ಮುಗಿಯಿತು ಅಂದುಕೊಳ್ಳಬೇಡಿ. ಮೇ 8ರಂದೇ ಜಿನೀವಾದಲ್ಲಿ ಇಂಡೋಚೈನಾ ಮಾತುಕತೆ ಶುರುವಾಗಿ ಜುಲೈನಲ್ಲಿ ದೇಶ 17ನೇ ಅಕ್ಷಾಂಶದಲ್ಲಿ ಎರಡು ಭಾಗವಾಯಿತು. ಅದನ್ನು ನೋಡಿಕೊಳ್ಳುವ ಆಯೋಗಕ್ಕೆ ಭಾರತವೇ ಅಧ್ಯಕ್ಷ. 1956ರಲ್ಲಿ ಆಗಬೇಕಿದ್ದ ಚುನಾವಣೆ ಆಗಲೇ ಇಲ್ಲ, ದೇಶ ಒಂದಾಗಲು ಇನ್ನೊಂದು ಯುದ್ಧ ಬೇಕಾಯಿತು. ಆ ಭಾಗ ನೋಡಬೇಕಾದರೆ ದಕ್ಷಿಣಕ್ಕೆ ಬೇರೆ ಪ್ರವಾಸವೇ ಹಾಕಿ.

ನನ್ನ ಸಲಹೆ ಇಷ್ಟು. ಹೋಗುವಾಗ ಹನೋಯ್‌ನಿಂದ ವಿಮಾನ ಹಿಡಿಯಿರಿ, ಸುಮಾರು ಒಂದು ಗಂಟೆ. ಇಳಿಯುವುದು ಫ್ರೆಂಚರ ಹಳೇ ರನ್‌ವೇ ಇದ್ದ ಜಾಗದಲ್ಲೇ. ಚಳಿಗಾಲದಲ್ಲಿ ಮಂಜಿಗೆ ವಿಮಾನ ರದ್ದಾಗಬಹುದು, ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ. ಬರುವಾಗ ಬೆಳಗಿನ ಬಸ್, ಟಿಕೆಟ್ ನಿಲ್ದಾಣದ ಕೌಂಟರ್‌ನಲ್ಲೇ ತೆಗೆಯಿರಿ. ಸೊನ್ ಲಾದಲ್ಲಿ ಇಳಿದು ಒಂದು ರಾತ್ರಿ ಉಳಿಯಿರಿ, ಅಲ್ಲಿ 1908ರಲ್ಲಿ ಫ್ರೆಂಚರು ಕಟ್ಟಿದ ಇನ್ನೊಂದು ಜೈಲು ಇದೆ, ಹೋವಾ ಲೋ ತರಹ ನೂಕುನುಗ್ಗಲು ಇಲ್ಲ. ಘಾಟಿಗೆ ಮುಂಚೆ ವಾಂತಿ ಮಾತ್ರೆ ನುಂಗಿ, ಮುಂದಿನ ಕಿಟಕಿ ಸೀಟು ಕೇಳಿ.