ಬೆಟ್ಟ ಕಂಡ ಮೇಲೆ ಬಣ್ಣ

ಸೈಕಲ್ಲಿನ ಚೈನ್ ಕವರ್ ಮೇಲೆ ಹಾಲು ಚೆಲ್ಲಿ ಒರೆಸಿದ ಹಾಗೆ ಬಿಳಿ ಪೊರೆ ಕೂತಿತ್ತು. ಹತ್ತು ನಿಮಿಷದ ಹಿಂದೆ ಹೊಡೆದಾಗ ಅಚ್ಚ ಕಪ್ಪಾಗಿ ಹೊಳೆಯುತ್ತಿದ್ದ ಬಣ್ಣ ಅದು. ಡಿಸೆಂಬರ್ ತಿಂಗಳ ಭಾನುವಾರ, ಬೆಳಗ್ಗೆ ಏಳೂವರೆ. ಚಿಕ್ಕಬಳ್ಳಾಪುರದ ನಮ್ಮ ಮನೆ ಮಾಳಿಗೆಯಿಂದ ದಿನಾ ಕಾಣುವ ನಂದಿ ಬೆಟ್ಟ ಅವತ್ತು ಇರಲೇ ಇಲ್ಲ. ಎಲ್ಲ ಕಡೆ ಮಂಜು. ಕೈಯಲ್ಲಿ ಸ್ಪ್ರೇ ಡಬ್ಬ ಹಿಡಿದುಕೊಂಡು ನಿಂತಿದ್ದೆ. ಅಳು ಬರುವ ಹಾಗಾಗಿತ್ತು.

ಸೈಕಲ್ ಅಪ್ಪನದು. 1984ರಲ್ಲಿ ತಗೊಂಡಿದ್ದು, ರಾಡ್ ಬ್ರೇಕಿನ ದೊಡ್ಡ ಕಪ್ಪು ಸೈಕಲ್. ಆಗ ನಾವು ಹಳ್ಳಿಯಲ್ಲಿದ್ದೆವು, ರೇಷ್ಮೆ ಹುಳ ಸಾಕುತ್ತಿದ್ದೆವು. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಅಪ್ಪ ಇದರ ಮೇಲೇ ಗೂಡು ಸಾಗಿಸಿದ್ದು. ರೇಷ್ಮೆ ಗೂಡಿಗೆ ತೂಕ ಕಮ್ಮಿ, ಗಾತ್ರ ಜಾಸ್ತಿ. ಕ್ಯಾರಿಯರಿನ ಎರಡೂ ಕಡೆ ಚೀಲ ಉಬ್ಬಿಕೊಂಡು, ಹಿಂದಿನಿಂದ ನೋಡಿದರೆ ಅಪ್ಪನ ತಲೆ ಮಾತ್ರ ಕಾಣುತ್ತಿತ್ತು. ತಡ ಮಾಡಿ ಚಿಟ್ಟೆ ಹೊರಗೆ ಬಂತು ಅಂದರೆ ಗೂಡು ತೂತಾಗಿ ನೂಲಿಗೆ ಬರಲ್ಲ. ಹಾಗಾಗಿ ಮಳೆಯೋ ಬಿಸಿಲೋ, ಹೊರಡಲೇಬೇಕಿತ್ತು.

ಆ ಚೈನ್ ಕವರ್ ಮೇಲೆ ಹಳದಿ ಅಕ್ಷರದಲ್ಲಿ ‘ಶ್ರೀ ಭೋಗನಂದೀಶ್ವರ ಪ್ರಸನ್ನ’ ಅಂತ ಬರೆದಿದೆ. ಶಿವರಾತ್ರಿಯ ನಂದಿ ಜಾತ್ರೆಗೆ ಹೋದಾಗ ಅಪ್ಪ ಒಬ್ಬ ಪೇಂಟರ್ ಹತ್ತಿರ ಬರೆಸಿದ್ದರು. ಕುಂಚದಲ್ಲಿ ಬರೆದ ಅಕ್ಷರ. ‘ಶ್ರೀ’ಯ ಬಾಲ ಎಷ್ಟು ಸಲೀಸಾಗಿ ತಿರುಗಿದೆ ಅಂದರೆ ಈಗಲೂ ನೋಡ್ತಾ ನಿಂತುಬಿಡುತ್ತೇನೆ. ಕೊನೆಯ ‘ನ್ನ’ ಮಾತ್ರ ಅರ್ಧ ಅಳಿಸಿದೆ.

ಸೈಕಲ್ಲನ್ನು ಮತ್ತೆ ಓಡುವ ಹಾಗೆ ಮಾಡಬೇಕು ಅನ್ನೋದು ನನ್ನ ಆಸೆ. ಫ್ರೇಮ್ ಗಟ್ಟಿಯಾಗಿತ್ತು, ಅದನ್ನು ಮುಟ್ಟಲಿಲ್ಲ. ತುಕ್ಕು ತಿಂದಿದ್ದ ಎರಡು ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಚೈನ್ ಕವರ್ ಇಷ್ಟನ್ನು ಬಿಚ್ಚಿದೆ. ಅಂಗಡಿಗೆ ಕೊಟ್ಟಿದ್ದರೆ ಎಲ್ಲವನ್ನೂ ಉಜ್ಜಿ, ಒಂದೇ ಬಣ್ಣ ಹೊಡೆದು ಕೊಡುತ್ತಿದ್ದರು. ಅಕ್ಷರ ಹೋಗುತ್ತಿತ್ತು. ಅದಕ್ಕೇ ಮನೆಯಲ್ಲೇ ಮಾಡೋಣ ಅಂತ 400 ಎಂಎಲ್‌ನ ಡಬ್ಬಗಳನ್ನು ತಂದೆ. ಪ್ರೈಮರ್ ಒಂದು, ಕಪ್ಪು ಎರಡು.

ಡಬ್ಬದ ಕೆಲಸ ಅಂದರೆ ಒತ್ತಿದರೆ ಆಯ್ತು ಅಂದುಕೊಳ್ಳುತ್ತೇವೆ, ಅಲ್ವಾ? ಒತ್ತುವುದು ಕೊನೆಯ ಕೆಲಸ. ಮೂರು ಸಂಜೆ ಬರೀ ಉಜ್ಜಿದ್ದೇನೆ. ಮೊದಲು 120 ನಂಬರಿನ ವಾಟರ್ ಪೇಪರ್, ಅಂದರೆ ನೀರಲ್ಲಿ ಉಜ್ಜುವ ಉಪ್ಪು ಕಾಗದ, ಆಮೇಲೆ 220, ಕೊನೆಗೆ 400. ನೀರಲ್ಲಿ ಅದ್ದಿಯೇ ಉಜ್ಜಿದೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಆ ಪುಡಿ ಮೂಗಿಗೆ ಹೋಗಬಾರದು. ಮನೆಗೆ ಬಳಿಯುವ ಬಣ್ಣದಲ್ಲೇ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ದಾಟಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದು 2017ರಲ್ಲಿ. ಅಪ್ಪನ ಸೈಕಲ್ಲು ಅದಕ್ಕಿಂತ ಎಷ್ಟು ಹಳೇದು! ಉಜ್ಜಿ ಒಣಗಿಸಿ, ತಿನ್ನರ್ ಬಟ್ಟೆಯಲ್ಲಿ ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಲಿಲ್ಲ. ಬೆರಳಿನ ಜಿಡ್ಡು ಇದ್ದ ಕಡೆ ಬಣ್ಣ ಹಿಡಿಯಲ್ಲ.

ಅಕ್ಷರವನ್ನೂ ಅದರ ಸುತ್ತ ಒಂದು ಬೆರಳಿನಗಲ ಹಳೇ ಬಣ್ಣವನ್ನೂ ಮುಚ್ಚುವ ಹಾಗೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಅಂಚನ್ನು ಉಗುರಿನಿಂದ ಒತ್ತಿ ಒತ್ತಿ ಕೂರಿಸಿದೆ. ಅಟ್ಟದಲ್ಲಿ ಹಳೇ ಚಂದ್ರಿಕೆ ಎರಡು ಉಳಿದಿದ್ದವು, ಹುಳ ಗೂಡು ಕಟ್ಟುತ್ತಿದ್ದ ಬಿದಿರಿನ ತಟ್ಟಿಗಳು. ಅವನ್ನು ಮಾಳಿಗೆಯ ಮೂಲೆಯಲ್ಲಿ ನಿಲ್ಲಿಸಿ, ಅಮ್ಮನ ಹಳೇ ಸೀರೆ ಹೊದಿಸಿದೆ. ಗಾಳಿಗೆ ಮರೆಯಾಯ್ತು. ಆ ಚಂದ್ರಿಕೆಗೇ ತಂತಿ ಕಟ್ಟಿ ಮಡ್‌ಗಾರ್ಡ್ ನೇತುಹಾಕಿದೆ. ಶನಿವಾರ ಮಧ್ಯಾಹ್ನ ಪ್ರೈಮರ್ ಹೊಡೆದೆ, ಚೆನ್ನಾಗಿ ಬಂತು.

ಭಾನುವಾರ ಆತುರ ಪಟ್ಟೆ. ಕೆಳಗೆ ಹಂಡೆ ಒಲೆ ಉರಿಯುತ್ತಿತ್ತು, ಡಬ್ಬದೊಳಗಿನ ಗ್ಯಾಸು ಬೆಂಕಿಗೆ ಹತ್ತಿಕೊಳ್ಳುವಂಥದ್ದು ಅಂತ ಅಮ್ಮನಿಗೆ ಹೇಳಿ ಆರಿಸಿದೆ. ಒಳಗಿನ ಗುಂಡು ಕಟಕಟ ಅನ್ನುವ ಹಾಗೆ ಎರಡು ನಿಮಿಷ ಡಬ್ಬ ಕುಲುಕಿದೆ. ಒಂದಡಿ ದೂರದಿಂದ, ಕೈ ಎಲ್ಲೂ ನಿಲ್ಲಿಸದೆ, ತೆಳುವಾಗಿ ಹೊಡೆದೆ. ಮಂಜೊಂದನ್ನು ಬಿಟ್ಟು ಎಲ್ಲ ನೋಡಿಕೊಂಡಿದ್ದೆ.

ಬಿಳಿ ಪೊರೆ ಕಂಡ ಮೇಲೆ ಇನ್ನೊಂದು ತಪ್ಪು ಮಾಡಿದೆ. ಹನ್ನೊಂದು ಗಂಟೆಗೆ ಬಿಸಿಲು ಬಂತಲ್ಲ ಅಂತ ಹಿಂದಿನ ಮಡ್‌ಗಾರ್ಡ್ ಮೇಲೆ ಮತ್ತೊಂದು ಕೋಟ್ ಹೊಡೆದೆ. ಕಣ್ಣೆದುರಿಗೇ ಬಣ್ಣ ಎದ್ದು, ಬಿಸಿ ಹಾಲಿನ ಕೆನೆ ಹಾಗೆ ಸುಕ್ಕುಗಟ್ಟಿತು. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಮುಂದಿನ ಕೋಟ್ ಒಂದು ಗಂಟೆಯೊಳಗೆ ಹೊಡೆಯಿರಿ, ಇಲ್ಲವೇ 24 ಗಂಟೆ ಬಿಡಿ. ಮೇಲೆ ಒಣಗಿ ಒಳಗೆ ಇನ್ನೂ ಹಸಿ ಇರುವ ಬಣ್ಣದ ಮೇಲೆ ಹೊಸ ಬಣ್ಣ ಬಿದ್ದರೆ, ಅದರ ತಿನ್ನರ್ ಕೆಳಗಿಳಿದು ಹಳೇದನ್ನು ಎಬ್ಬಿಸುತ್ತದೆ. ಡಬ್ಬ ಕೆಳಗಿಟ್ಟು ಕೂತೆ. ಚೈನ್ ಕವರ್‌ಗೂ ಹೀಗೇ ಆಗಿದ್ದರೆ ಅನ್ನೋ ಯೋಚನೆಗೇ ಕೈ ತಣ್ಣಗಾಯ್ತು.

ಅಪ್ಪ ಮೆಲ್ಲಗೆ ಮೆಟ್ಟಿಲು ಹತ್ತಿ ಬಂದರು. ಬಿಳಿ ಪೊರೆಯನ್ನು ಬಗ್ಗಿ ನೋಡಿದರು.

“ಎಷ್ಟೊತ್ತಿಗೆ ಹೊಡ್ದೆ ಇದನ್ನ?”

“ಏಳೂವರೆಗೆ ಅಪ್ಪ.”

“ಮಂಜಲ್ಲಾ? ತೇವ ಕುಡ್ದಿದೆ ಕಣಮ್ಮ. ಹಣ್ಣಾದ ಹುಳ ಚಂದ್ರಿಕೆಗೆ ಬಿಟ್ಟಾಗ್ಲೂ ಹೀಗೇ. ತಂಡಿ ಇದ್ರೆ ಗೂಡು ಕಟ್ಟುತ್ತೆ, ಆದ್ರೆ ನೂಲು ಸರಿಯಾಗಿ ಬಿಚ್ಚಲ್ಲ. ಗಾಳಿ ಆಡ್ಬೇಕು, ತೇವ ಇರ್ಬಾರ್ದು.”

ಅಪ್ಪ ಸ್ಪ್ರೇ ಡಬ್ಬ ಕೈಯಲ್ಲಿ ಹಿಡಿದವರೇ ಅಲ್ಲ. ಆದರೂ ಅವರು ಹೇಳಿದ್ದು ಸರಿ. ಬಣ್ಣದಲ್ಲಿರುವ ತಿನ್ನರ್ ಬೇಗ ಆರುವಾಗ ತಗಡನ್ನು ತಣ್ಣಗೆ ಮಾಡುತ್ತದೆ. ಸುತ್ತಲಿನ ತೇವ ಆ ತಣ್ಣನೆ ಜಾಗಕ್ಕೆ ಬಂದು ಕೂತು, ಬಣ್ಣದೊಳಗೇ ಸಿಕ್ಕಿಕೊಳ್ಳುತ್ತದೆ. ಅದೇ ಆ ಬಿಳಿ.

ಚೈನ್ ಕವರ್ ಮೇಲಿನ ಟೇಪು ಕಿತ್ತು, ಅದನ್ನು ಒಂದು ವಾರ ಒಳಗಿಟ್ಟೆ. ಟೇಪನ್ನು ಹಾಗೇ ಬಿಟ್ಟಿದ್ದರೆ ಅಂಟು ಅಕ್ಷರಕ್ಕೆ ಹಿಡಿದುಕೊಳ್ಳುತ್ತಿತ್ತು. ಸುಕ್ಕಾದ ಮಡ್‌ಗಾರ್ಡನ್ನು ವಾರದ ಮಧ್ಯೆ ತಗಡು ಕಾಣುವವರೆಗೂ ಉಜ್ಜಿ, ಮತ್ತೆ ಪ್ರೈಮರ್ ಹೊಡೆದೆ.

ಮುಂದಿನ ಭಾನುವಾರ ಬೆಳಗ್ಗೆ ಮಾಳಿಗೆಗೆ ಹೋಗಿ ಸುಮ್ನೆ ಕಾದೆ. ಒಂಬತ್ತಕ್ಕೆ ಬೆಟ್ಟದ ಬುಡ ಕಂಡಿತು. ಹತ್ತೂವರೆಗೆ ನೆತ್ತಿಯೂ ಕಂಡಿತು. ಹನ್ನೊಂದೂವರೆಗೆ ಬಂಡೆಯ ಗೀರುಗಳೂ ಬಿಡಿಬಿಡಿಯಾಗಿ ಕಂಡವು. ಆಗ ಶುರು ಮಾಡಿದೆ. ಬಿಳಿ ಪೊರೆಯ ಮೇಲೆ 600ರ ಪೇಪರ್ ನೀರು ಹಾಕಿ ಹಗುರವಾಗಿ ಆಡಿಸಿ, ಒರೆಸಿ, ಹೊಸ ಟೇಪ್ ಅಂಟಿಸಿದೆ. ಹತ್ತು ಹತ್ತು ನಿಮಿಷ ಬಿಟ್ಟು ಮೂರು ತೆಳು ಕೋಟ್. ಮೊದಲನೆಯದರಲ್ಲಿ ಹಳೇದು ಕಾಣುತ್ತಲೇ ಇತ್ತು. ಕೈ ತಡೆದುಕೊಂಡೆ. ಮೂರನೆಯದಕ್ಕೆ ಕಪ್ಪು ತುಂಬಿಕೊಂಡಿತು, ಎಲ್ಲೂ ಸೋರಲಿಲ್ಲ. ಕೊನೆಗೆ ಡಬ್ಬ ತಲೆಕೆಳಗೆ ಹಿಡಿದು, ಬರೀ ಗ್ಯಾಸು ಬರುವವರೆಗೆ ಒತ್ತಿ ಮೂತಿ ಚೊಕ್ಕ ಮಾಡಿಟ್ಟೆ.

ಬಣ್ಣ ಪೂರ್ತಿ ಗಟ್ಟಿಯಾಗುವ ಮುಂಚೆಯೇ ಟೇಪ್ ತೆಗೆಯಬೇಕು, ಇಲ್ಲದಿದ್ದರೆ ಅಂಚು ಚಕ್ಕೆ ಏಳುತ್ತದೆ. ಒಂದು ತುದಿ ಹಿಡಿದು ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆದೆ. ಮೊದಲು ‘ಶ್ರೀ’ ಬಂತು. ಆಮೇಲೆ ಒಂದೊಂದೇ ಅಕ್ಷರ. ಹೊಸ ಕಪ್ಪಿನ ನಡುವೆ, ಕಂದು ತಿರುಗಿದ ಹಳೇ ಕಪ್ಪಿನ ಪಟ್ಟಿ. ಅದರ ಮೇಲೆ ಹಳದಿ.

ಅಪ್ಪ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದರು.

“ಆ ‘ನ್ನ’ ಮಾತ್ರ ಯಾರ ಹತ್ರಾದ್ರೂ ಮತ್ತೆ ಬರೆಸ್ಲಾ ಅಪ್ಪ?”

“ಬೇಡಮ್ಮ. ಅದು ನನ್ನ ಹಿಮ್ಮಡಿ ತಾಗಿ ತಾಗಿ ಹೋಗಿದ್ದು. ಇರ್ಲಿ ಬಿಡು.”

ನಾಲ್ಕು ದಿನ ಬಿಟ್ಟು ಎಲ್ಲವನ್ನೂ ಜೋಡಿಸಿದೆ. ಅಪ್ಪ ಬೆಲ್ ಹೊಡೆದು ನೋಡಿದರು, ಬ್ರೇಕ್ ಎರಡು ಸಲ ಹಿಡಿದರು. ಹಿಂದಿನ ಟೈರನ್ನು ಹೆಬ್ಬೆರಳಲ್ಲಿ ಒತ್ತಿ, “ಗಾಳಿ ಕಮ್ಮಿ ಇದೆ, ಪಂಪ್ ತಗೊಂಬಾ” ಅಂದರು.